ಓಡಿದರೆ ಹೃದಯ ನಿಲ್ಲುತ್ತದೆಯೇ, ಮಂಡಿ ಸವೆಯುತ್ತದೆಯೇ? ಫಾರ್ವರ್ಡ್‌ಗಳಲ್ಲಿ ಇಲ್ಲದ ಲೆಕ್ಕ

ಬೆಳಗ್ಗೆ ಎದ್ದು ವಾಟ್ಸಾಪ್ ತೆರೆದರೆ ಒಂದೇ ಗುಂಪಿನಲ್ಲಿ ಎರಡು ಸಂದೇಶಗಳು. ನಲವತ್ತು ದಾಟಿದವರು ಓಡಲೇಬಾರದು, ಓಡಿದರೆ ಮಂಡಿ ಸವೆಯುತ್ತದೆ, ಜಿಮ್‌ಗೆ ಹೋದರೆ ಹೃದಯಾಘಾತ ಆಗುತ್ತದೆ ಎನ್ನುತ್ತದೆ ಮೊದಲನೆಯದು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಿ, ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ ಬೆರೆಸಿ ಕುಡಿಯಿರಿ, 21 ದಿನದಲ್ಲಿ ಹೊಟ್ಟೆ ಕರಗುತ್ತದೆ ಎನ್ನುತ್ತದೆ ಎರಡನೆಯದು. ಎರಡರ ಕೆಳಗೂ ಕೈಮುಗಿದ ಚಿತ್ರಗಳು. ಕಳಿಸಿದವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ಕಾಳಜಿಯಿಂದಲೇ ಕಳಿಸಿರುತ್ತಾರೆ. ಆದರೆ ಮೊದಲನೆಯದನ್ನು ನಂಬಿ ನಡಿಗೆ ನಿಲ್ಲಿಸಿದವರೂ, ಎರಡನೆಯದನ್ನು ನಂಬಿ ಮೂರು ವಾರ ದಣಿದು, ತೂಕ ಇಳಿಯದೆ ಬೇಸತ್ತವರೂ ಕೊನೆಗೆ ಬಂದು ಕೂರುವುದು ಒಂದೇ ಸೋಫಾದ ಮೇಲೆ.

ಇದು ನಕ್ಕು ಬಿಡುವ ವಿಷಯವಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ದೇಹಕ್ಕೆ ಬೇಕಾದಷ್ಟು ಚಟುವಟಿಕೆ ಇಲ್ಲ. ಹೆಂಗಸರಲ್ಲಿ ಈ ಪ್ರಮಾಣ ಶೇ 57, ಗಂಡಸರಲ್ಲಿ ಶೇ 42. ಅದಕ್ಕೂ ಒಂದು ವರ್ಷ ಮೊದಲು ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ, 35 ಕೋಟಿ ಮಂದಿಗೆ ಹೊಟ್ಟೆಯ ಬೊಜ್ಜಿದೆ ಎಂದು ಅಂದಾಜಿಸಿತ್ತು. ಇಂಥ ದೇಶದಲ್ಲಿ ‘ಓಡಬೇಡಿ’ ಎನ್ನುವ ಸಂದೇಶ ಎಷ್ಟು ಮೊಬೈಲುಗಳನ್ನು ಸುತ್ತಿ ಬರುತ್ತದೋ ಅಷ್ಟು ನಷ್ಟ.

ಹಾಗಾಗಿ ಒಂದೊಂದಾಗಿ ನೋಡೋಣ. ಭಯದಿಂದಲೇ ಶುರು ಮಾಡೋಣ, ಯಾಕೆಂದರೆ ಆ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ.

ಭಯ ಎಲ್ಲಿಂದ ಬಂತು

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರಿಗೆ ಆಗ 46 ವರ್ಷ. ತೆರೆಯ ಮೇಲೂ ಹೊರಗೂ ಕಟ್ಟುಮಸ್ತಾಗಿ ಕಾಣುತ್ತಿದ್ದ, ವ್ಯಾಯಾಮವನ್ನು ಪ್ರೀತಿಸುತ್ತಿದ್ದ ಮನುಷ್ಯ. ಆ ವಾರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿ ನಿಂತರು. ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮ ಮಕ್ಕಳಿಗೆ ಜಿಮ್ ಬಿಡಿಸಿದರು. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹಠಾತ್ತಾಗಿ ಸತ್ತರೆಂಬ ಸುದ್ದಿ ಬಂದಾಗ ಅದೇ ಸಾಲು ಮತ್ತೆ ಬೆಳೆಯಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಮಿತಿಗೆ ಕೋವಿಡ್ ಲಸಿಕೆಯ ನಂಟು ಕಾಣಲಿಲ್ಲ. ಕಂಡಿದ್ದು ಹಳೆಯ ಪರಿಚಯದ ಕಾರಣಗಳೇ: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಸಿಗರೇಟು, ಬೊಜ್ಜು.

ಹಾಗಾದರೆ ವ್ಯಾಯಾಮ ಮಾಡುವಾಗ ಹೃದಯಕ್ಕೆ ಅಪಾಯವೇ ಇಲ್ಲವೇ? ಇದೆ. ಇಲ್ಲವೆನ್ನುವುದೂ ಫಾರ್ವರ್ಡ್‌ನಷ್ಟೇ ತಪ್ಪು. ಪ್ರಶ್ನೆ ಇರುವುದು ಎಷ್ಟು ಅಪಾಯ, ಯಾರಿಗೆ, ಯಾವಾಗ ಎನ್ನುವುದರಲ್ಲಿ.

1993ರಲ್ಲಿ ಅಮೆರಿಕದ ಸಂಶೋಧಕರು ಹೃದಯಾಘಾತವಾಗಿ ಆಸ್ಪತ್ರೆಗೆ ಬಂದ 1,228 ಮಂದಿಯನ್ನು ಮಾತಾಡಿಸಿ, ಎದೆನೋವು ಶುರುವಾಗುವ ಮುಂಚಿನ ಒಂದು ಗಂಟೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಮೈಮುರಿಯುವಂಥ ಶ್ರಮದ ಸಮಯದಲ್ಲಿ ಮತ್ತು ಅದಾದ ಮೊದಲ ಗಂಟೆಯಲ್ಲಿ ಹೃದಯಾಘಾತದ ಸಾಧ್ಯತೆ ಏರುತ್ತದೆ ಎಂದು ಗೊತ್ತಾಯಿತು. ಆದರೆ ಏರಿಕೆ ಎಲ್ಲರಿಗೂ ಒಂದೇ ಸಮ ಇರಲಿಲ್ಲ. ವಾರಕ್ಕೆ ಒಂದು ಸಲವೂ ಶ್ರಮದ ಕೆಲಸ ಮಾಡದವರಲ್ಲಿ ಅದು 107 ಪಟ್ಟು. ವಾರಕ್ಕೆ ಐದು ಸಲ ಅಥವಾ ಹೆಚ್ಚು ಮಾಡುವವರಲ್ಲಿ 2.4 ಪಟ್ಟು ಮಾತ್ರ. 107 ಎಂದ ಕೂಡಲೇ ಗಾಬರಿ ಬೇಡ. ಯಾವುದೋ ಒಂದು ನಿರ್ದಿಷ್ಟ ಗಂಟೆಯಲ್ಲಿ ಒಬ್ಬ ಮನುಷ್ಯನಿಗೆ ಹೃದಯಾಘಾತ ಆಗುವ ಸಾಧ್ಯತೆ ಎಷ್ಟು ಚಿಕ್ಕದೆಂದರೆ, ನೂರು ಪಟ್ಟು ಮಾಡಿದರೂ ಅದು ಚಿಕ್ಕದಾಗಿಯೇ ಉಳಿಯುತ್ತದೆ. ಒಂದು ಲಾಟರಿ ಟಿಕೆಟ್ ಬದಲು 107 ಟಿಕೆಟ್ ಕೊಂಡ ಹಾಗೆ. ಇಲ್ಲಿ ಗಮನಿಸಬೇಕಾದದ್ದು ಎರಡು ಅಂಕಿಗಳ ನಡುವಿನ ಅಂತರ. ನಿತ್ಯ ದುಡಿಯುವ ಹೃದಯಕ್ಕೆ ಶ್ರಮ ಅಭ್ಯಾಸದ ಅತಿಥಿ, ವರ್ಷಗಟ್ಟಲೆ ಕೂತ ಹೃದಯಕ್ಕೆ ಅದು ಬಾಗಿಲು ಮುರಿದು ನುಗ್ಗಿದ ಕಳ್ಳ.

ನಮ್ಮದೇ ದೇಶದ ಅಧ್ಯಯನವೂ ಹತ್ತಿರದ ಮಾತನ್ನೇ ಹೇಳಿದೆ. ಐಸಿಎಂಆರ್ 18ರಿಂದ 45 ವರ್ಷದೊಳಗಿನವರ ಕಾರಣ ತಿಳಿಯದ 729 ಹಠಾತ್ ಸಾವುಗಳನ್ನು ಅಂಥದೇ ವಯಸ್ಸಿನ 2,916 ಮಂದಿಯೊಂದಿಗೆ ಹೋಲಿಸಿ 2023ರಲ್ಲಿ ವರದಿ ಕೊಟ್ಟಿತು. ಮನೆತನದಲ್ಲಿ ಹಿಂದೆ ಹಠಾತ್ ಸಾವು ಆಗಿರುವುದು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿ ಕುಡಿದದ್ದು, ಮಾದಕ ವಸ್ತು ಬಳಸಿದ್ದು, ಮತ್ತು ಅದೇ 48 ಗಂಟೆಗಳಲ್ಲಿ ವಿಪರೀತ ದೈಹಿಕ ಶ್ರಮ ಮಾಡಿದ್ದು ಅಪಾಯ ಹೆಚ್ಚಿಸಿದವು. ಎರಡು ಡೋಸ್ ಲಸಿಕೆ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ವಾಟ್ಸಾಪ್‌ನಲ್ಲಿ ಈ ಪಟ್ಟಿಯಿಂದ ‘ವ್ಯಾಯಾಮ’ ಎನ್ನುವ ಒಂದು ಪದ ಮಾತ್ರ ಕಿತ್ತುಕೊಂಡು ಹೊರಟಿತು. ‘ವಿಪರೀತ’ ಎನ್ನುವ ವಿಶೇಷಣ ದಾರಿಯಲ್ಲೇ ಬಿದ್ದುಹೋಯಿತು. ಮದ್ಯದ ವಿಷಯವಂತೂ ಫಾರ್ವರ್ಡ್ ಆಗಲೇ ಇಲ್ಲ!

ದೂರದ ಓಟಗಳ ಲೆಕ್ಕವನ್ನೂ ನೋಡಿ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ 1 ಕೋಟಿ 9 ಲಕ್ಷ ಓಟಗಾರರಲ್ಲಿ 59 ಮಂದಿಗೆ ಹೃದಯಸ್ತಂಭನವಾಯಿತು, 42 ಮಂದಿ ಸತ್ತರು. ಅಂದರೆ ಸುಮಾರು 1 ಲಕ್ಷ 84 ಸಾವಿರ ಮಂದಿಯಲ್ಲಿ ಒಬ್ಬರಿಗೆ ಹೃದಯಸ್ತಂಭನ. ಕಾರಣ ಪತ್ತೆಯಾದವರಲ್ಲಿ ಬಹುಪಾಲು ಮಂದಿಗೆ ಮೊದಲೇ ಹೃದಯದ ತೊಂದರೆ ಇತ್ತು. ಹುಟ್ಟಿನಿಂದ ಬಂದ, ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ, ಇಲ್ಲವೇ ರಕ್ತನಾಳದಲ್ಲಿ ಕೊಬ್ಬಿನ ಅಡಚಣೆ. ಓಟ ಕಾಯಿಲೆಯನ್ನು ಹುಟ್ಟಿಸಲಿಲ್ಲ, ಅಡಗಿದ್ದನ್ನು ಆ ದಿನ ಹೊರಗೆಳೆಯಿತು.

ಈ ಮಾತಿಗೆ ಜಿಮ್ ಫಿಕ್ಸ್ ಎಂಬ ಅಮೆರಿಕದ ಲೇಖಕನಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1977ರಲ್ಲಿ ಓಟದ ಬಗ್ಗೆ ಪುಸ್ತಕ ಬರೆದು ಲಕ್ಷಾಂತರ ಜನರನ್ನು ರಸ್ತೆಗಿಳಿಸಿದ ಆತ 1984ರಲ್ಲಿ ಓಡುತ್ತಲೇ ಸತ್ತ, 52ನೇ ವಯಸ್ಸಿಗೆ. ಓಟದ ವಿರೋಧಿಗಳು ಇಂದಿಗೂ ಆ ಸಾವನ್ನು ಎತ್ತಿ ಹೇಳುತ್ತಾರೆ. ಆತನ ತಂದೆಗೆ 35ಕ್ಕೇ ಮೊದಲ ಹೃದಯಾಘಾತವಾಗಿತ್ತು, 43ಕ್ಕೆ ಸತ್ತಿದ್ದರು ಎಂಬುದನ್ನು ಹೇಳುವುದಿಲ್ಲ. ಫಿಕ್ಸ್ ಸ್ವತಃ ಓಟ ಶುರು ಮಾಡುವ ಮೊದಲು ದಪ್ಪಗಿದ್ದ, ವಿಪರೀತ ಸಿಗರೇಟು ಸೇದುತ್ತಿದ್ದ. ಓಟ ಅವನ ಆಯಸ್ಸನ್ನು ಕಡಿಮೆ ಮಾಡಿತೋ, ತಂದೆಗಿಂತ ಒಂಬತ್ತು ವರ್ಷ ಹೆಚ್ಚು ಕೊಟ್ಟಿತೋ? ಒಬ್ಬ ಮನುಷ್ಯನ ಕಥೆಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಅದಕ್ಕೆ ಸಾವಿರಾರು ಜನರ ಲೆಕ್ಕ ಬೇಕು.

ಬಸ್ ಕಂಡಕ್ಟರ್‌ಗಳು ಕಲಿಸಿದ ಪಾಠ

ಅಂಥ ಲೆಕ್ಕವನ್ನು ಮೊದಲು ಮಾಡಿದವರು ಲಂಡನ್ನಿನ ವೈದ್ಯ ಜೆರಿ ಮಾರಿಸ್. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೃದಯಾಘಾತ ಏಕೆ ಏರುತ್ತಿದೆ ಎಂದು ಹುಡುಕುತ್ತಿದ್ದ ಅವರ ತಂಡ ಲಂಡನ್ ಸಾರಿಗೆಯ ಸುಮಾರು 31,000 ನೌಕರರ ಆರೋಗ್ಯವನ್ನು ಪರಿಶೀಲಿಸಿತು. ಡ್ರೈವರ್, ಕಂಡಕ್ಟರ್ ಇಬ್ಬರೂ ಒಂದೇ ಬಸ್ಸಿನವರು, ಹೆಚ್ಚುಕಡಿಮೆ ಒಂದೇ ವರ್ಗದವರು, ಒಂದೇ ಹೊಗೆ ಕುಡಿಯುವವರು. ಡ್ರೈವರ್ ಪಾಳಿಯಿಡೀ ಕೂತಿರುತ್ತಾನೆ. ಕಂಡಕ್ಟರ್ ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲನ್ನು ಹತ್ತಿ ಇಳಿಯುತ್ತಾನೆ, ದಿನಕ್ಕೆ 500ರಿಂದ 750 ಮೆಟ್ಟಿಲು. 1953ರಲ್ಲಿ ಫಲಿತಾಂಶ ಪ್ರಕಟವಾಯಿತು: ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಸ್ಪಷ್ಟವಾಗಿ ಕಡಿಮೆ, ಆದರೂ ಸಾಮಾನ್ಯವಾಗಿ ತಡವಾಗಿ ಬರುತ್ತಿತ್ತು, ಬಂದರೆ ಅಷ್ಟು ಮಾರಕವಾಗಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಅದು ಒಂದು ಒಳ್ಳೆಯ ಫಾರ್ವರ್ಡ್ ಆಗುತ್ತಿತ್ತು. ಮಾರಿಸ್ ನಿಲ್ಲಿಸಲಿಲ್ಲ. ದಪ್ಪಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿದ್ದರೇನೋ ಎಂಬ ಅನುಮಾನ ಅವರಿಗೆ ಬಂತು. ಹಳೆಯ ತೂಕದ ದಾಖಲೆ ಎಲ್ಲಿ ಹುಡುಕುವುದು? ಅವರು ಹೋಗಿದ್ದು ಸಮವಸ್ತ್ರದ ಲೆಕ್ಕಪುಸ್ತಕಕ್ಕೆ. ಅಲ್ಲಿ ಪ್ರತಿಯೊಬ್ಬನ ಪ್ಯಾಂಟಿನ ಸೊಂಟದಳತೆ ಇತ್ತು! ನಿಜಕ್ಕೂ ಡ್ರೈವರ್‌ಗಳ ಸೊಂಟ ದೊಡ್ಡದಿತ್ತು. ಹಾಗಾಗಿ ಅನುಮಾನದಲ್ಲಿ ಹುರುಳಿತ್ತು. ಆದರೆ ಮೈಕಟ್ಟು ಹೇಗೇ ಇರಲಿ, ಕಂಡಕ್ಟರ್‌ಗಳ ಹೃದಯವೇ ಹೆಚ್ಚು ಸುರಕ್ಷಿತ ಎಂದು ಮುಂದಿನ ಲೆಕ್ಕಗಳು ತೋರಿಸಿದವು. ತೂಕ ಒಂದು ಮಾತು, ಚಲನೆ ಇನ್ನೊಂದು ಮಾತು ಎಂಬುದು ಅಲ್ಲಿಂದ ಹೊರಬಂದ ತಿಳಿವಳಿಕೆ. ತಾವೇ ಕಂಡುಕೊಂಡದ್ದನ್ನು ತಾವೇ ಹೀಗೆ ಕೆದಕಿ ನೋಡುವುದು ವಿಜ್ಞಾನದ ರೀತಿ. ಮಾರಿಸ್ ತಮ್ಮ ಮಾತನ್ನು ತಾವೂ ಪಾಲಿಸಿದರು, 99 ವರ್ಷ ಬದುಕಿದರು. (ಇದೂ ಒಬ್ಬ ಮನುಷ್ಯನ ಕಥೆಯೇ, ಇದರಿಂದ ಏನೂ ಸಾಬೀತಾಗುವುದಿಲ್ಲ!)

ಓಟದ ಬಗ್ಗೆಯೇ ಕೇಳಿದರೆ, 2014ರಲ್ಲಿ ಅಮೆರಿಕದ 55,137 ಮಂದಿಯನ್ನು ಸರಾಸರಿ 15 ವರ್ಷ ಗಮನಿಸಿದ ಅಧ್ಯಯನವೊಂದು ಬಂತು. ಓಡುವವರಲ್ಲಿ ಒಟ್ಟಾರೆ ಸಾವಿನ ಅಪಾಯ ಸುಮಾರು ಶೇ 30, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 45ರಷ್ಟು ಕಡಿಮೆ ಇತ್ತು. ದಿನಕ್ಕೆ ಐದರಿಂದ ಹತ್ತು ನಿಮಿಷ, ಅದೂ ನಿಧಾನವಾಗಿ ಓಡುವವರಿಗೂ ಲಾಭದ ದೊಡ್ಡ ಪಾಲು ಸಿಕ್ಕಿತ್ತು. ಆರೋಗ್ಯವಾಗಿರುವವರೇ ಓಡಲು ಹೋಗುತ್ತಾರೆ ಎಂಬ ವಾದ ಇಲ್ಲಿಯೂ ಪೂರ್ತಿ ಸುಳ್ಳಲ್ಲ, ಆದ್ದರಿಂದ ಶೇಕಡಾವಾರು ಅಂಕಿಯನ್ನು ಅಕ್ಷರಶಃ ಹಿಡಿದುಕೊಳ್ಳಬೇಡಿ. ಆದರೆ ದಿಕ್ಕಿನ ಬಗ್ಗೆ ಅನುಮಾನವಿಲ್ಲ.

ಮಂಡಿಯ ಮಾತು

ಮಂಡಿಯನ್ನು ನಾವು ಬೈಕಿನ ಟೈರಿನಂತೆ ಊಹಿಸಿಕೊಳ್ಳುತ್ತೇವೆ. ಇಷ್ಟು ಕಿಲೋಮೀಟರ್ ಓಡಿದರೆ ಇಷ್ಟು ಸವೆತ. ಹೋಲಿಕೆ ಮನಸ್ಸಿಗೆ ಹಿಡಿಸುತ್ತದೆ, ಆದರೆ ಟೈರಿಗೆ ಜೀವವಿಲ್ಲ. ಮಂಡಿಯಲ್ಲಿ ಮೂಳೆಗಳ ತುದಿಗೆ ಹೊದಿಸಿರುವ ಮೃದ್ವಸ್ಥಿಗೆ ಜೀವವಿದೆ. ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ. ಕಾಲೂರಿದಾಗ ಅದು ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಕಾಲೆತ್ತಿದಾಗ ಮತ್ತೆ ದ್ರವ ಹೀರಿಕೊಳ್ಳುತ್ತದೆ. ಅಂದರೆ ಹಿತಮಿತವಾದ ಒತ್ತಡವೇ ಮಂಡಿಗೆ ಊಟ.

2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಶೇ 3.5 ಇತ್ತು, ಓಡದೆ ಕೂತವರಲ್ಲಿ ಶೇ 10.2. ಆದರೆ ಸ್ಪರ್ಧೆಗಾಗಿ ವೃತ್ತಿಪರವಾಗಿ ಓಡುವವರಲ್ಲಿ ಶೇ 13.3. ಮೂರನೇ ಅಂಕಿಯನ್ನೂ ಮುಚ್ಚಿಡಬಾರದು. ಬೆಳಗ್ಗೆ ಲಾಲ್‌ಬಾಗಿನಲ್ಲೋ, ಊರಿನ ಹೈಸ್ಕೂಲ್ ಮೈದಾನದಲ್ಲೋ ಮೂರು ಕಿಲೋಮೀಟರ್ ಓಡುವವರು ಆ ಗುಂಪಿಗೆ ಸೇರುವುದಿಲ್ಲ ಅಷ್ಟೇ.

ಮಂಡಿಯ ನಿಜವಾದ ಶತ್ರು ಮೈಭಾರ. ಮಂಡಿ ಸವೆದಿದ್ದ ಸ್ಥೂಲಕಾಯದವರ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋ ಇಳಿಯುತ್ತದೆ ಎಂದು ಕಂಡುಬಂತು. ಈಗಾಗಲೇ ಮಂಡಿ ಊದಿಕೊಂಡಿರುವವರು, ಹಳೆಯ ಪೆಟ್ಟು ಇರುವವರು ಓಟಕ್ಕಿಳಿಯುವ ಮುನ್ನ ಮೂಳೆ ವೈದ್ಯರನ್ನು ಕಾಣಬೇಕು. ಅವರಿಗೂ ವೈದ್ಯರು ಬಹಳ ಸಲ ಹೇಳುವುದು ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ, ನಡೆಯಿರಿ, ಈಜಿ ಎಂದೇ.

ಹೊಸದಾಗಿ ಓಡುವವರಿಗೆ ನೋವು ಬರುವುದೇ ಇಲ್ಲವೇ? ಬರುತ್ತದೆ, ಮೊಣಕಾಲಿನ ಕೆಳಗೆ ಮುಂಗಾಲಿನಲ್ಲಿ, ಹಿಮ್ಮಡಿಯಲ್ಲಿ. ಬಹುಪಾಲು ಸಲ ಕಾರಣ ಓಟವಲ್ಲ, ಅವಸರ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಸ್ನಾಯುಗಳನ್ನು ಮೂಳೆಗೆ ಕಟ್ಟುವ ತಂತುಗಳಿಗೂ ಮೂಳೆಗೂ ತಿಂಗಳುಗಳು ಬೇಕು. ಉಸಿರು ಹಿಡಿಯುತ್ತಿಲ್ಲವಲ್ಲ ಎಂದು ಎರಡನೇ ವಾರಕ್ಕೇ ದೂರ ಹೆಚ್ಚಿಸಿದವರು ಮೂರನೇ ವಾರ ಕುಂಟುತ್ತಾರೆ.

ಹತ್ತು ಸಾವಿರ ಯಾರು ಎಣಿಸಿದ್ದು?

ಯಾವ ವೈದ್ಯರೂ ಅಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಮಾನ್ಪೊ-ಕೆಯಿ, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಮಾರಾಟದ ಹೆಸರು ನಮ್ಮ ಕೈಗಡಿಯಾರಗಳಲ್ಲಿ ಆರೋಗ್ಯದ ನಿಯಮವಾಗಿ ಕೂತಿದೆ.

2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ತಂಡ ಸರಾಸರಿ 72 ವರ್ಷದ 16,741 ಮಹಿಳೆಯರ ಹೆಜ್ಜೆಗಳನ್ನು ಯಂತ್ರ ಕಟ್ಟಿ ಎಣಿಸಿದರು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುತ್ತಿದ್ದವರಿಗಿಂತ 4,400 ಹಾಕುತ್ತಿದ್ದವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ. ಸುಮಾರು 7,500ರ ನಂತರ ಹೆಚ್ಚುವರಿ ಲಾಭ ಕಾಣಲಿಲ್ಲ. ಮನೆಯ ಅಜ್ಜಿ 4,000 ಹೆಜ್ಜೆ ಹಾಕಿ ‘ಹತ್ತು ಸಾವಿರ ಆಗಲಿಲ್ಲವಲ್ಲಾ’ ಎಂದು ಬೇಜಾರು ಮಾಡಿಕೊಂಡರೆ ಈ ಅಂಕಿಗಳನ್ನು ಹೇಳಿ. ಫಾರ್ವರ್ಡ್ ಮಾಡಲೂಬಹುದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ನಿಮಿಷಗಳಲ್ಲಿದೆ: ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಸಾಧಾರಣ ಶ್ರಮ, ಇಲ್ಲವೇ ಅದರ ಅರ್ಧದಷ್ಟು ಹೊತ್ತು ಓಟದಂಥ ಹೆಚ್ಚಿನ ಶ್ರಮ, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಬೇಕೆಂಬ ಹಳೆಯ ಷರತ್ತನ್ನು ತೆಗೆದುಹಾಕಿದೆ. ಆದ್ದರಿಂದ ಬಸ್ ಸ್ಟಾಪಿಗೆ ಬೇಗಬೇಗ ನಡೆದ ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ, ಬಾವಿಯಿಂದ ನೀರು ಸೇದಿದ್ದೂ ಬರುತ್ತದೆ. ಮನೆಗೆಲಸವೇ ಸಾಕಲ್ಲವೇ ಎಂದು ಕೇಳುವ ಗೃಹಿಣಿಯರಿಗೆ ನಮ್ಮ ಉತ್ತರ: ಉಸಿರು ಸ್ವಲ್ಪ ಏರುವಂತಿದ್ದರೆ ಅದು ವ್ಯಾಯಾಮ, ಏರದಿದ್ದರೆ ಬರೀ ದಣಿವು. ಒಲೆ ಮುಂದೆ ಮೂರು ಗಂಟೆ ನಿಲ್ಲುವುದು ಕಾಲು ನೋಯಿಸುತ್ತದೆ, ಹೃದಯವನ್ನು ಪಳಗಿಸುವುದಿಲ್ಲ. ಅವರಿಗೆ ಬೇಕಿರುವುದು ಇನ್ನಷ್ಟು ಕೆಲಸವಲ್ಲ, ಮನೆಯವರು ಕೆಲಸ ಹಂಚಿಕೊಂಡು ಬಿಡಿಸಿಕೊಡುವ ಅರ್ಧ ಗಂಟೆ.

ಓಡಿದರೂ ತೂಕ ಇಳಿಯುತ್ತಿಲ್ಲ ಏಕೆ?

ಈ ಪ್ರಶ್ನೆಯ ಹಿಂದೆ ದೊಡ್ಡ ನಿರಾಸೆ ಇರುತ್ತದೆ. ಲೆಕ್ಕ ಮಾಡೋಣ. ಒಂದು ಕಿಲೋಮೀಟರ್ ಓಡಲು ಒಂದು ಕಿಲೋ ಮೈತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತದೆ. 70 ಕಿಲೋ ಇರುವವರು 5 ಕಿಲೋಮೀಟರ್ ಓಡಿದರೆ ಸುಮಾರು 350 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಅಂದರೆ ಊಟ ಒಂದಿಷ್ಟೂ ಹೆಚ್ಚಿಸದೆ 22 ಸಲ 5 ಕಿಲೋಮೀಟರ್ ಓಡಿದರೆ ಒಂದು ಕಿಲೋ. ಈಗ ಇನ್ನೊಂದು ಬದಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120ಕ್ಕೂ ಹೆಚ್ಚು ಕ್ಯಾಲೊರಿ. ದಿನಕ್ಕೆ ಐದು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿದರೆ ಅದೇ 200. ಕರಿದ ಖಾರ, ಮಿಕ್ಸ್‌ಚರ್ 100 ಗ್ರಾಂಗೆ 500ಕ್ಕೂ ಹೆಚ್ಚು. ಅರ್ಧ ಗಂಟೆ ಓಡಿದ್ದನ್ನು ಟಿವಿ ಮುಂದಿನ ಹತ್ತು ನಿಮಿಷ ನುಂಗಿಬಿಡುತ್ತದೆ. ‘ಇವತ್ತು ಓಡಿದ್ದೇನಲ್ಲ’ ಎಂದು ಮಸಾಲೆ ದೋಸೆಯ ಮೇಲೆ ಇನ್ನೊಂದು ಬೆಣ್ಣೆ ಮುದ್ದೆ ಹಾಕಿಸಿಕೊಳ್ಳುವುದು ನಾವೆಲ್ಲ ಬಲ್ಲ ಸಂಗತಿ.

ದೇಹವೂ ಜಾಣ. ತಾಂಜಾನಿಯಾದ ಹಾಡ್ಜಾ ಎಂಬ ಬೇಟೆ-ಸಂಗ್ರಹದ ಜನರು ದಿನವಿಡೀ ನಡೆಯುತ್ತಾರೆ. 2012ರಲ್ಲಿ ಅವರು ದಿನಕ್ಕೆ ಖರ್ಚು ಮಾಡುವ ಶಕ್ತಿಯನ್ನು ಅಳೆದಾಗ, ಮೈಗಾತ್ರಕ್ಕೆ ಹೊಂದಿಸಿ ನೋಡಿದರೆ ಅದು ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಪಾಶ್ಚಾತ್ಯರಷ್ಟೇ ಇತ್ತು. ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಕೈ ಬಿಗಿ ಹಿಡಿಯುತ್ತದೆ ಎಂಬುದು ಆ ಸಂಶೋಧಕರ ವಾದ. ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ, ಚರ್ಚೆ ನಡೆದಿದೆ.

ಬೆವರಿನ ಲೆಕ್ಕ ಇನ್ನೂ ಸುಲಭ. ಓಡಿ ಬಂದ ಕೂಡಲೇ ತಕ್ಕಡಿಯಲ್ಲಿ ಮುಕ್ಕಾಲು ಕಿಲೋ ಕಡಿಮೆ ಕಂಡರೆ ಅದು ನೀರು. ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ಓಡುವುದು, ಹೊಟ್ಟೆಗೆ ಬೆಲ್ಟ್ ಬಿಗಿಯುವುದು ಬೆವರಿಸುತ್ತವೆ, ಕೊಬ್ಬು ಕರಗಿಸುವುದಿಲ್ಲ. ಬೇಸಿಗೆಯಲ್ಲಿ ಮೈ ಕಾವೇರಿ ಅಪಾಯವೂ ಆದೀತು. ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಇಳಿಯುತ್ತದೆ ಎಂಬುದೂ ಸುಳ್ಳು, ಎಲ್ಲಿಂದ ತೆಗೆಯಬೇಕೆಂದು ದೇಹವೇ ನಿರ್ಧರಿಸುತ್ತದೆ. ನಿಂಬೆರಸದ ಬಿಸಿನೀರು ಒಳ್ಳೆಯ ಪಾನೀಯ, ಸಕ್ಕರೆ ಕಾಫಿಯ ಬದಲು ಕುಡಿದರೆ ಲಾಭವೇ. ಆದರೆ ಅದರಲ್ಲಿ ಕೊಬ್ಬು ಕರಗಿಸುವ ಗುಣವಿಲ್ಲ, ಬೆರೆಸಿದ ದೊಡ್ಡ ಚಮಚ ಜೇನಿನಲ್ಲಿ 60 ಕ್ಯಾಲೊರಿ ಮಾತ್ರ ಖಂಡಿತ ಇದೆ.

ತಕ್ಕಡಿ ಹೇಳದ ಸಂಗತಿಯೊಂದಿದೆ. ಸ್ನಾಯುಗಳು ದುಡಿಯುವಾಗ ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆ ಹೀರಿಕೊಳ್ಳುತ್ತವೆ. ಓಡಿದ ನಂತರ ಒಂದು ದಿನ, ಕೆಲವೊಮ್ಮೆ ಎರಡು ದಿನ ಇನ್ಸುಲಿನ್ನಿನ ಮಾತನ್ನು ದೇಹ ಚೆನ್ನಾಗಿ ಕೇಳುತ್ತದೆ. ರಕ್ತದೊತ್ತಡ ಇಳಿಯುತ್ತದೆ, ಯಕೃತ್ತಿನ ಸುತ್ತ, ಕರುಳಿನ ಸುತ್ತ ಕೂತ ಕೊಬ್ಬು ಕಡಿಮೆಯಾಗುತ್ತದೆ. ತೂಕ ಹಾಗೇ ಇದ್ದರೂ ಇವೆಲ್ಲ ಆಗುತ್ತವೆ. ಭಾರತೀಯರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ನಮ್ಮಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ಬಹಳ. ತಕ್ಕಡಿಗಿಂತ ದರ್ಜಿಯ ಟೇಪು ನಮಗೆ ಹೆಚ್ಚು ನಿಜ ಹೇಳುತ್ತದೆ: ಸೊಂಟ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆಯ ಗಂಟೆ.

ತಟ್ಟೆಯಲ್ಲಿ ಏನಿದೆ?

ಹಾಗಾಗಿ ತೂಕದ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಅಡುಗೆಮನೆಯಲ್ಲೇ ಇದೆ. ‘ಅನ್ನ ಬಿಟ್ಟು ಮುದ್ದೆ ತಿನ್ನಿ, ಸಕ್ಕರೆ ಕಾಯಿಲೆ ಓಡಿಹೋಗುತ್ತದೆ’ ಎನ್ನುವ ಸಂದೇಶ ನಮ್ಮ ಕಡೆ ಜನಪ್ರಿಯ. ರಾಗಿ ಒಳ್ಳೆಯ ಧಾನ್ಯ ಎನ್ನುವುದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದು ನಾಮಮಾತ್ರ. ನಾರಿನಂಶವೂ ಹೆಚ್ಚು. ಆದರೆ ಕ್ಯಾಲೊರಿಯಲ್ಲಿ ರಾಗಿ, ಅಕ್ಕಿ ಅಕ್ಕಪಕ್ಕದ ಮನೆಯವು, ರಾಗಿ ಸುಮಾರು 320, ಅಕ್ಕಿ ಸುಮಾರು 355. ಪ್ರೋಟೀನ್ ಎರಡರಲ್ಲೂ ಕಡಿಮೆಯೇ. ಒಂದು ಮುದ್ದೆಯ ಬದಲು ಎರಡು ಮುದ್ದೆ ಉಂಡರೆ ಉಳಿತಾಯವೆಲ್ಲ ಹೋಯಿತು. ಹೊಲದಲ್ಲಿ ದಿನವಿಡೀ ಗುದ್ದಲಿ ಹಿಡಿದ ತಾತ ಎರಡು ಮುದ್ದೆ ಉಂಡು ಅರಗಿಸಿಕೊಂಡರು, ನಿಜ. ಗುದ್ದಲಿಯನ್ನು ಬಿಟ್ಟು ಮುದ್ದೆಯನ್ನಷ್ಟೇ ಉಳಿಸಿಕೊಂಡವರು ನಾವು.

2025ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ವಿಶ್ಲೇಷಣೆ ಇದನ್ನೇ ದೇಶದ ಮಟ್ಟದಲ್ಲಿ ಹೇಳಿತು. ನಮ್ಮ ಆಹಾರದ ಶಕ್ತಿಯಲ್ಲಿ ಸುಮಾರು ಶೇ 62 ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತಿದೆ, ಪ್ರೋಟೀನಿನಿಂದ ಬರುವುದು ಶೇ 12ರಷ್ಟು. ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದರಷ್ಟೇ ಸಕ್ಕರೆ ಕಾಯಿಲೆಯ ಅಪಾಯ ಇಳಿಯುವಂತೆ ಕಾಣಲಿಲ್ಲ. ಪಿಷ್ಟದ ಒಂದು ಭಾಗವನ್ನು ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನಿಗೆ ಬದಲಿಸಿದಾಗ ಅಪಾಯ ಕಡಿಮೆಯಾಗುವ ಸೂಚನೆ ಸಿಕ್ಕಿತು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಧಾನ್ಯಗಳಿಂದ ಬರುವ ಶಕ್ತಿ ಶೇ 45 ಮೀರಬಾರದು ಎನ್ನುತ್ತದೆ.

ನಮ್ಮ ಅಡುಗೆಗೆ ಇದೇನೂ ಹೊರಗಿನದಲ್ಲ. ಹುರುಳಿ ಸಾರಿನಲ್ಲಿ ತಿಳಿ ಮಾತ್ರ ಬಸಿದುಕೊಳ್ಳುವ ಬದಲು ಕಾಳನ್ನೂ ತಿನ್ನುವುದು, ಹೆಸರುಬೇಳೆ ಕೋಸಂಬರಿಯನ್ನು ರಾಮನವಮಿಗೆ ಕಾಯದೆ ವಾರಕ್ಕೆ ಮೂರು ದಿನ ಮಾಡುವುದು, ಅವರೆಕಾಳು, ಅಲಸಂದೆ, ಉಸಲಿ, ಸೊಪ್ಪಿನ ಪಲ್ಯ, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಕರಾವಳಿಯವರಿಗೆ ಮೀನು. ತಟ್ಟೆಗೆ ಅನ್ನವನ್ನು ಮೊದಲು ಗುಡ್ಡೆ ಹಾಕಿಕೊಂಡು ಪಕ್ಕದಲ್ಲಿ ಪಲ್ಯ ಮುಟ್ಟಿಸಿಕೊಳ್ಳುವ ಕ್ರಮವನ್ನು ತಿರುಗಿಸಿ, ಪಲ್ಯ-ಕಾಳನ್ನು ಮೊದಲು ಹಾಕಿಕೊಂಡು ಉಳಿದ ಜಾಗಕ್ಕೆ ಅನ್ನ ಹಾಕಿಕೊಂಡು ನೋಡಿ. ಪ್ರೋಟೀನ್ ಪುಡಿಯ ಡಬ್ಬಿ ಬಹುಪಾಲು ಜನರಿಗೆ ಬೇಕಿಲ್ಲ. ಜಿಮ್‌ನಲ್ಲಿ ಯಾರಾದರೂ ಸ್ನಾಯು ಬೆಳೆಸಲು ಇಂಜೆಕ್ಷನ್ ಸೂಚಿಸಿದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ. ಸ್ನಾಯು ಬೆಳೆಸುವ ಸ್ಟೆರಾಯ್ಡ್‌ಗಳು ಹೃದಯದ ಗೋಡೆಯನ್ನೂ ದಪ್ಪ ಮಾಡುತ್ತವೆ.

ಶುರು ಮಾಡುವುದಾದರೆ

1996ರಲ್ಲಿ ಜಾಶ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ ರೂಪಿಸಿದ, ಈಗ ಜಗತ್ತಿನಾದ್ಯಂತ ಹರಡಿರುವ ಒಂಬತ್ತು ವಾರಗಳ ಕ್ರಮವೊಂದಿದೆ. ಮೊದಲ ವಾರ ಮೂರು ದಿನ, ಐದು ನಿಮಿಷ ಚುರುಕಾಗಿ ನಡೆದ ಮೇಲೆ 60 ಸೆಕೆಂಡ್ ನಿಧಾನ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ವಾರ ವಾರಕ್ಕೆ ಓಟ ಹೆಚ್ಚಿ ನಡಿಗೆ ಕಡಿಮೆಯಾಗುತ್ತಾ ಕೊನೆಗೆ ಅರ್ಧ ಗಂಟೆ ಅಥವಾ 5 ಕಿಲೋಮೀಟರ್ ನಿಲ್ಲದೆ ಓಡುವಲ್ಲಿಗೆ ಮುಟ್ಟುತ್ತದೆ. ನಡುವೆ ಒಂದು ವಾರವನ್ನು ಎರಡು ಸಲ ಮಾಡಿದರೆ ತಪ್ಪಿಲ್ಲ. ವೇಗಕ್ಕೆ ಯಂತ್ರ ಬೇಡ, ಬಾಯಿ ಸಾಕು. ಪಕ್ಕದವರ ಜೊತೆ ಮಾತಾಡಲು ಆಗುತ್ತಿದೆ, ಹಾಡಲು ಆಗುತ್ತಿಲ್ಲ ಎಂದರೆ ಅದು ಸಾಧಾರಣ ಶ್ರಮ. ಮೊದಲ ತಿಂಗಳಿಗೆ ಅಷ್ಟೇ ಸಾಕು. ಓಟ ಬೇಡವೆನ್ನಿಸಿದರೆ ಬಿರುಸಾಗಿ ನಡೆಯಿರಿ, ಸೈಕಲ್ ತುಳಿಯಿರಿ, ಮೆಟ್ಟಿಲು ಹತ್ತಿ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ತೆಗೆಯುವುದು ಅರವತ್ತು ದಾಟಿದವರಿಗೂ ಆಗುವಂಥದು. ಬೀದಿನಾಯಿಗಳ ವಿಷಯದಲ್ಲಿ ನಮ್ಮಲ್ಲಿ ಒಳ್ಳೆಯ ಸಲಹೆಯಿಲ್ಲ, ಅವು ಅಟ್ಟಿಸಿಕೊಂಡು ಬಂದಾಗ ಓಡಬೇಡಿ ಎನ್ನುವುದನ್ನು ಬಿಟ್ಟು.

ಕೆಲವರು ಮಾತ್ರ ಮೊದಲು ವೈದ್ಯರನ್ನು ಕಾಣಲೇಬೇಕು. ಸಕ್ಕರೆ, ರಕ್ತದೊತ್ತಡ ಅಥವಾ ಹೃದಯದ ಕಾಯಿಲೆ ಇರುವವರು, ಸಿಗರೇಟು ಸೇದುವವರು, ರಕ್ತಸಂಬಂಧಿಗಳಲ್ಲಿ ಯಾರಾದರೂ ಐವತ್ತರೊಳಗೆ ಹಠಾತ್ತಾಗಿ ಸತ್ತಿದ್ದರೆ ಅಂಥ ಮನೆಯವರು, ಹಿಂದೆಂದಾದರೂ ಓಡುವಾಗ ತಲೆ ತಿರುಗಿ ಬಿದ್ದವರು. ಜ್ವರ ಬಂದ ದಿನ, ಹಿಂದಿನ ರಾತ್ರಿ ಚೆನ್ನಾಗಿ ಕುಡಿದ ದಿನ, ನಿದ್ದೆಗೆಟ್ಟ ದಿನ ಓಟ ಬೇಡ. ಏರು ಹತ್ತುವಾಗ ಎದೆ ಬಿಗಿದು, ನಿಂತರೆ ಸರಿಹೋಗುವುದು, ನೋವು ಎಡಗೈಗೋ ದವಡೆಗೋ ಹರಿಯುವುದು, ಎಂದಿಗಿಂತ ಬೇಗ ಏದುಸಿರು ಬರುವುದು, ತಣ್ಣನೆ ಬೆವರು. ಇವನ್ನು ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗುವುದರಲ್ಲೇ ನಮ್ಮಲ್ಲಿ ಎಷ್ಟೋ ಜೀವ ಹೋಗುತ್ತದೆ. ನಡೆಯುವುದನ್ನು ತಕ್ಷಣ ನಿಲ್ಲಿಸಿ ಕೂತುಕೊಳ್ಳಿ, 108ಕ್ಕೆ ಕರೆ ಮಾಡಿಸಿ, ಇಸಿಜಿ ಮಾಡುವ ಹತ್ತಿರದ ಆಸ್ಪತ್ರೆಗೆ ಹೋಗಿ. ಪುನೀತ್ ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ನಡೆಸುತ್ತಿರುವ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ನೋಡಿ, ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೊದಲ ಒಂದು ಗಂಟೆಯೊಳಗೆ ಸಿಕ್ಕರೆ ಅದರ ಫಲ ಅತಿ ಹೆಚ್ಚು.

ಮೈದಾನದಲ್ಲಿ ಯಾರಾದರೂ ಕುಸಿದು ಬಿದ್ದು, ಕೂಗಿದರೂ ಮಾತಾಡದೆ, ಸರಿಯಾಗಿ ಉಸಿರಾಡದೆ ಇದ್ದರೆ ನೀರು ಕುಡಿಸಲು ಹೋಗಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಟ್ಟನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಮಡಚದೆ, ಎದೆ ಐದಾರು ಸೆಂಟಿಮೀಟರ್ ಒಳಗೆ ಹೋಗುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ, ಆಂಬುಲೆನ್ಸ್ ಬರುವವರೆಗೂ, ಕೈ ಸೋತರೆ ಮತ್ತೊಬ್ಬರಿಗೆ ಬಿಟ್ಟುಕೊಟ್ಟು. ಅಮೆರಿಕದ ಆ 59 ಓಟಗಾರರಲ್ಲಿ ಬದುಕುಳಿದವರ ವಿವರ ನೋಡಿದಾಗ, ಪಕ್ಕದಲ್ಲಿದ್ದವರು ಹೀಗೆ ಎದೆ ಒತ್ತಿದ್ದೇ ಉಳಿವಿಗೆ ಮುಖ್ಯ ಕಾರಣಗಳಲ್ಲೊಂದಾಗಿತ್ತು.